ನಡುತಿಟ್ಟಿನ ಬಾಣಂತನ

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹೊಳೆಯ ನೀರು ಏರಿದಾಗ ಒಂದು ವಾಸನೆ ಬರುತ್ತದೆ. ಒಣಗಿ ಸಿಪ್ಪೆಯೆದ್ದ ಪಾಚಿ, ಸತ್ತ ಬಸವನಹುಳು, ಸುಡುವ ಮರಳು ಎಲ್ಲ ಒಟ್ಟಿಗೆ ನೆನೆದ ವಾಸನೆ. ಮಳೆಗಾಲದ ಬಾಗಿಲಲ್ಲಿ ಬಂದರೆ ಅದು ಯಾರಿಗಾದರೂ ಹಿತವೇ. ಚೈತ್ರ ವೈಶಾಖದಲ್ಲಿ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೋದ ವಾರ ನಂಜನಗೂಡಿನ ಸ್ನಾನಘಟ್ಟದ ಹತ್ತಿರ ಸೊಪ್ಪು ತರಲು ಹೋದವಳಿಗೆ ಆ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ, ಮೊನ್ನೆ ಮೊನ್ನೆಯವರೆಗೂ ಬಂಡೆ ತೋರಿಸಿಕೊಂಡು ಮಲಗಿದ್ದ ಕಪಿಲೆ ಮೆಟ್ಟಿಲು ಹತ್ತಿದ್ದಾಳೆ.

"ಮೇಲ್ನಿಂದ ಬುಟ್ಟವ್ರಂತೆ ಕಣ ಟೀಚರಮ್ಮ. ಕೆಳಗಡೆ ಯಾವ್ದೋ ಪ್ರೋಗ್ರಾಂ ಅಂತೆ" ಎಂದಳು ಸೊಪ್ಪಿನವಳು.

ಪ್ರೋಗ್ರಾಂ. ಆ ಒಂದು ಮಾತಿಗೆ ಕೈಲಿದ್ದ ಚೀಲವನ್ನು ಅಲ್ಲೇ ಕುಕ್ಕಿ ಕಟ್ಟೆಯ ಮೇಲೆ ಕೂತೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗಿನ ಒಂದು ಬೇಸಿಗೆ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು, ಮರೆತಿದ್ದರೆ ತಾನೆ.

ನಮ್ಮೂರು ಇರುವುದು ಇಲ್ಲಿಂದ ಟಿ. ನರಸೀಪುರದ ಕಡೆಗೆ ಹೋಗುವಾಗ, ಇದೇ ಹೊಳೆಯ ದಂಡೆಯಲ್ಲಿ. ಊರಿನ ಎದುರಿಗೆ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಉಳಿದ ಜಾಗವೇ ನಡುತಿಟ್ಟು. ಅಲ್ಲಿ ಯಾರೂ ವಾಸವಿಲ್ಲ, ಯಾರೂ ಬಿತ್ತುವುದಿಲ್ಲ, ಒಂದು ಗುಡಿ ಕೂಡ ಇಲ್ಲ. ಮೇಲ್ತುದಿಯಲ್ಲಿ ಎಮ್ಮೆಗಳು ಮಲಗಿದ ಹಾಗೆ ಕಾಣುವ ನಾಲ್ಕಾರು ಕರಿ ಬಂಡೆ, ಕೆಳತುದಿಯಲ್ಲಿ ಜೊಂಡು, ನಡುವೆ ಬರೀ ಮರಳು ಮತ್ತು ನುಣ್ಣನೆಯ ಬೆಣಚುಕಲ್ಲು. ಆಷಾಢದಲ್ಲಿ ಹೊಳೆ ತುಂಬಿದರೆ ತಿಟ್ಟು ಪೂರಾ ಮುಳುಗುತ್ತದೆ. ದೀಪಾವಳಿ ಕಳೆದ ಮೇಲೆ ಮೊದಲು ಬಂಡೆ, ಆಮೇಲೆ ಮರಳು ತಲೆ ಎತ್ತುತ್ತದೆ. ಬೇಸಿಗೆಗೆ ಊರ ಕಡೆಯ ಸೀಳಿನಲ್ಲಿ ನೀರು ಮೊಣಕಾಲಿಗಿಳಿಯುತ್ತದೆ, ಸೀರೆ ಎತ್ತಿಕಟ್ಟಿ ನಡೆದೇ ಹೋಗಬಹುದು. ನಡೆದು ಹೋಗಬಹುದಾದ್ದರಿಂದಲೇ ಹೋಗಬಾರದೆಂಬ ಕಟ್ಟು ಹುಟ್ಟಿದ್ದು.

ಶಿವರಾತ್ರಿ ಕಳೆದ ಕೂಡಲೇ ಹಕ್ಕಿಗಳು ಬರುತ್ತಿದ್ದವು. ನೆತ್ತಿಗೆ ಕರಿ ಟೋಪಿ, ಹಳದಿ ಕೊಕ್ಕು, ಕತ್ತರಿಯಂತೆ ಸೀಳಿದ ಬಾಲ. ಪುಸ್ತಕದಲ್ಲಿ ಅದಕ್ಕೆ ರೀವ ಅಂತ ಹೆಸರಿದೆಯೆಂದು ನನಗೆ ಗೊತ್ತಾದದ್ದು ಟೀಚರಾದ ಮೇಲೆ. ನಮಗೆಲ್ಲ ಅದು ಹೊಳೆಹಕ್ಕಿ. ಗೂಡು ಕಟ್ಟುವ ಜಾತಿಯಲ್ಲ. ಮರಳಲ್ಲಿ ಎದೆಯಿಂದ ಒಂದು ಗುಳಿ ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಕಲ್ಲಿನ ಬಣ್ಣವೇ, ಕಾಲ ಕೆಳಗೆ ಬಂದರೂ ತಿಳಿಯುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಬೆಂದುಹೋಗದಿರಲೆಂದು ತಾಯಿ ಹಕ್ಕಿ ಹಾರಿ ಹೋಗಿ ಹೊಟ್ಟೆಯನ್ನು ನೀರಿಗೆ ತಾಗಿಸಿ, ಆ ಒದ್ದೆ ಹೊಟ್ಟೆಯಲ್ಲೇ ಬಂದು ಕೂರುವುದನ್ನು ನಾನು ದಂಡೆಯಿಂದ ಎಷ್ಟು ಸಲ ನೋಡಿದ್ದೇನೋ. ಹೆಣ್ಣು ಜನ್ಮ ಎಲ್ಲಿದ್ದರೂ ಇಷ್ಟೇ ಕಣೆ ಎಂದು ನಮ್ಮವ್ವ ಬಟ್ಟೆ ಒಗೆಯುತ್ತಾ ಹೇಳುತ್ತಿದ್ದಳು.

ಹೀಗಾಗಿ ಶಿವರಾತ್ರಿಯಿಂದ ಮರಿಗಳು ಹಾರುವವರೆಗೆ ತಿಟ್ಟು ಹಸಿ ಬಾಣಂತಿ. ಊರಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದುದು. ಎಮ್ಮೆ ಆ ಕಡೆ ನುಗ್ಗಿದರೆ "ಲೇ, ಬಾಣಂತಿ ಮನ್ಗೆ ನುಗ್ತಾ ಅದೆ, ತಿರುಗ್ಸ್ಕಳ್ಲಾ" ಎಂದು ಕೂಗುತ್ತಿದ್ದರು. ಮರಿಗಳೆಲ್ಲ ಹಾರಿದ ಮೇಲೆ ಒಂದು ದಿನ ಪುರುಡು ಕಳೆಯುವುದು, ಮನೆಯಲ್ಲಿ ಹೆರಿಗೆಯ ಸೂತಕ ಕಳೆಯುವ ಹಾಗೆಯೇ. ಹೆಂಗಸರು ಬಾಣಂತಿಯ ಅಡುಗೆ ಮಾಡಿ, ಅಂದರೆ ಬಿಸಿ ಅನ್ನ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬಂಡೆಯ ಮೇಲಿಟ್ಟು ಅರಿಸಿನ ನೀರು ಚಿಮುಕಿಸಿ ಬರುತ್ತಿದ್ದರು. ಆಮೇಲೆ ಎಮ್ಮೆಗಳು ಮೇಯಬಹುದು, ಗಂಡಸರು ಜೊಂಡು ಕೊಯ್ಯಬಹುದು. ಆದರೆ ಪುರುಡಿನ ದಿನ ಮೊದಲು ತಿಟ್ಟಿಗೆ ಕಾಲಿಡಬೇಕಾದವಳು ಊರಿನ ಸೂಲಗಿತ್ತಿ. ಅವಳು ಹೋಗಿ ನೋಡಿ "ಆಯ್ತು, ಬನ್ನಿ" ಅನ್ನಬೇಕು.

ನಮ್ಮೂರ ಸೂಲಗಿತ್ತಿ ಸಾಕವ್ವ. ಕೆಳಗೇರಿಯವಳು. ನನ್ನನ್ನೂ, ನನ್ನ ವಾರಗೆಯ ಊರಿನ ಎಲ್ಲರನ್ನೂ ಈ ಲೋಕಕ್ಕೆ ಎಳೆದು ಹಾಕಿದ ಕೈ ಅವಳದು. ಹೆರಿಗೆಯ ದಿನ ಅವಳಿಗೆ ಒಳಮನೆಯವರೆಗೂ ದಾರಿ, ಉಳಿದ ದಿನ ಜಗಲಿಯ ಕೆಳಗೇ ನಿಲ್ಲಬೇಕು, ಕಾಫಿ ಬೇರೆ ಲೋಟದಲ್ಲಿ. ವರ್ಷಕ್ಕೊಮ್ಮೆ ಪುರುಡಿನ ದಿನ ಮಾತ್ರ ಅವಳು ಮುಂದೆ, ಮೇಲುಗೇರಿಯ ಮುತ್ತೈದೆಯರು ಹಿಂದೆ. ಬೇವಿನ ಸೊಪ್ಪು ಅರಿಸಿನದ ತಟ್ಟೆ ಹಿಡಿದು ಅವಳ ಪಕ್ಕದಲ್ಲಿ ನಡೆಯಲು ಒಂದು ಹೆಣ್ಣುಮಗಳು ಬೇಕು. ಸಾಕವ್ವ ಚಿಕ್ಕಂದಿನಿಂದ ನನ್ನನ್ನೇ ಕರೆಯುತ್ತಿದ್ದಳು. "ನೀನ್ ಉಟ್ದಾಗ ಅಳ್ನಿಲ್ಲ ಕಣವ್ವ, ಬಯ್ದಂಗೆ ಕಿರುಚ್ದೆ. ನಂಗೆ ಅಂತೋಳೇ ಬೇಕು" ಅನ್ನುತ್ತಿದ್ದಳು.

ಆ ವರ್ಷ ನಾನು ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದಿದ್ದೆ. ಊರಿನಲ್ಲಿ ಹೊಳೆಗೆ ಹೊಸ ಮೆಟ್ಟಿಲು ಕಟ್ಟಿದ್ದರು. ಬಸ್ಸಿಗೆ ಕಾಯುವವರಿಗೆ ಒಂದು ತಗಡಿನ ನೆರಳಿಲ್ಲ, ಹೊಳೆಗೆ ಮಾತ್ರ ಪಾಲಿಶ್ ಮಾಡಿದ ಕಲ್ಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅದನ್ನು ಉದ್ಘಾಟಿಸಲು ದೊಡ್ಡವರೊಬ್ಬರು ಬರುವುದಿತ್ತು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅವರ ಕಡೆಯವನೊಬ್ಬ ಬಿಳಿ ಪ್ಯಾಂಟು ಬಿಳಿ ಶರಟಿನಲ್ಲಿ ಜೀಪಿನಿಂದಿಳಿದ. ಹೊಳೆ ನೋಡಿದ, ತಿಟ್ಟು ನೋಡಿದ, ಅವನ ಕಣ್ಣು ಅಲ್ಲೇ ನಿಂತಿತು. ವೇದಿಕೆಯನ್ನು ತಿಟ್ಟಿನ ಮೇಲೇ ಹಾಕೋಣ, ವಿಡಿಯೋದಲ್ಲಿ ಚೆನ್ನಾಗಿ ಬರುತ್ತದೆ ಎಂದ.

ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಹಾಲಿನ ಸೊಸೈಟಿ ಪ್ರೆಸಿಡೆಂಟ್ ಪುಟ್ಟಸ್ವಾಮಣ್ಣ, ನಮ್ಮಪ್ಪ, ಇನ್ನಿಬ್ಬರು ಯಜಮಾನರು ಕಟ್ಟೆಯ ಮೇಲೆ. ಸಾಕವ್ವ ಕೆಳಗೆ. ಅವಳನ್ನು ಕರೆಸಿದ್ದು ಪುಟ್ಟಸ್ವಾಮಣ್ಣನೇ.

"ಅಜ್ಜಿ, ಒಂದೇ ಒಂದು ಗಂಟೆ ಪ್ರೋಗ್ರಾಂ" ಎಂದ ಬಿಳಿ ಶರಟಿನವನು.

"ಬಾಣಂತಿ ಮನೇಲಿ ಯಾರಾರ ಪೆಂಡಾಲ್ ಆಕ್ತಾರೇನಪ್ಪಾ?" ಎಂದಳು ಸಾಕವ್ವ. "ನಿಮ್ಮನೇಲಿ ಆಕ್ತೀರಾ?"

ಜನ ನಕ್ಕರು. ಪುಟ್ಟಸ್ವಾಮಣ್ಣ ಮೀಸೆ ಸವರಿಕೊಂಡು, "ಅಂಗಲ್ಲ ಸಾ. ನಮ್ಮೂರ್ನಲ್ಲಿ ಪುರುಡು ಕಳೀಗಂಟ ತಿಟ್ಟಿಗೆ ಕಾಲಿಕ್ಕಂಗಿಲ್ಲ. ತಾತನ ಕಾಲ್ದಿಂದ ಬಂದದ್ದು. ನೀವಲ್ಲ, ದೇವ್ರೇ ಬಂದ್ರೂ ಇಲ್ಲ" ಎಂದ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಂಥ ದೊಡ್ಡವರ ಕಡೆಯವನನ್ನು ನಮ್ಮೂರು ನಿಲ್ಲಿಸಿ ವಾಪಸು ಕಳಿಸಿತ್ತು. ಸಾಕವ್ವ ಆ ದಿನ ಕೆಳಗೇರಿಗೆ ಸೆರಗು ಬೀಸಿಕೊಂಡು ಹೋದಳು.

ಆದರೆ ಅವನು ವಾಪಸು ಹೋಗಿರಲಿಲ್ಲ. ಸೊಸೈಟಿಯ ಒಳಗೆ ಕೂತು ಕಾಫಿ ಕುಡಿಯುತ್ತಿದ್ದ. ತಿಟ್ಟು ಬೇಡ, ದಂಡೆಯಲ್ಲೇ ವೇದಿಕೆ. ಆದರೆ ಹೊಸ ಮೆಟ್ಟಿಲಿನ ಬುಡದಲ್ಲಿ ನೀರೇ ಇಲ್ಲವಲ್ಲ, ದೊಡ್ಡವರು ಕೆಸರಿಗೆ ಬಾಗಿನ ಕೊಡುವುದೆ? ಹಾಗಾಗಿ ಮೇಲಿನ ಅಣೆಕಟ್ಟಿನಿಂದ ಎರಡು ದಿನಕ್ಕೆ ನೀರು ಬಿಡಿಸೋಣ. ಊರಿನವರೂ ಒಂದು ಮನವಿ ಕೊಡಲಿ. ಕೊಟ್ಟರು. ಅಪ್ಪ ಸಂಜೆ ಬಂದು ಅವ್ವನಿಗೆ ಅದನ್ನು ಲಾಟರಿ ಹೊಡೆದವನಂತೆ ಹೇಳಿದ. "ಬೇಸ್ಗೇಲಿ ನೀರು ಕಣೆ. ಕಬ್ಬಿಗೂ ಒಸಿ ಎತ್ಕೋಬೋದು."

"ಅಪ್ಪ, ತಿಟ್ಟು ಮುಳುಗಲ್ವಾ?" ಎಂದೆ.

"ಯಾರೂ ಕಾಲಿಕ್ಕಲ್ಲ ಕಣವ್ವ. ಮಾತಾಗದೆ."

"ಕಾಲಲ್ಲ ಅಪ್ಪ, ನೀರು. ಮೊಟ್ಟೆ ಒಡ್ದು ಈಗ ತಾನೆ ಮರಿ ಆಗ್ತಾ ಇವೆ. ಇನ್ನೂ ರೆಕ್ಕೆ ಬಂದಿಲ್ಲ."

"ತಿಟ್ಟೇನ್ ಇವತ್ತು ಮುಳುಗ್ತಾ ಇರೋದಾ? ವರ್ಸಾ ವರ್ಸಾ ಮುಳುಗ್ತದೆ" ಎಂದು ಅಪ್ಪ ಮುಖ ತೊಳೆಯಲು ಎದ್ದ. ಇಂಥ ಉತ್ತರ ಕೊಡುವವರ ಜೊತೆ ಏನು ಜಗಳವಾಡುವುದು. ಬಾಣಂತಿಯನ್ನು ಹೊರಗೆ ಹಾಕಿ, ಹೇಗೂ ಮುಂದೆ ಎದ್ದು ಓಡಾಡುವವಳೇ ತಾನೆ ಅಂದ ಹಾಗಾಯಿತು.

ಬೆಳಿಗ್ಗೆ ಪುಟ್ಟಸ್ವಾಮಣ್ಣನ ಮನೆಗೇ ಹೋದೆ. ಅವನು ಜಗಲಿಯಲ್ಲಿ ಗಡ್ಡ ಕೆರೆಸಿಕೊಳ್ಳುತ್ತಾ ಕೂತಿದ್ದ. ಎಲ್ಲ ಕೇಳಿಸಿಕೊಂಡು, "ನೀರು ಅಂದ್ರೆ ಗಂಗಮ್ಮ ಕಣವ್ವ. ತಾಯಿ ಬತ್ತೀನಿ ಅಂದ್ರೆ ಬ್ಯಾಡ ಅನ್ನಕಾಯ್ತದಾ?" ಎಂದ. ನೀವು ಮನವಿ ಕೊಟ್ಟು ಕರೆಸಿದ ಗಂಗಮ್ಮ ಎಂದೆ. ಕ್ಷೌರದವನು ನಗು ತಡೆದುಕೊಂಡ. ಪುಟ್ಟಸ್ವಾಮಣ್ಣ ನಗಲಿಲ್ಲ. "ಓದ್ಸಿದ್ದು ಜಾಸ್ತಿ ಆಯ್ತು ಅಂತ ನಿಮ್ಮಪ್ಪಂಗೆ ಏಳ್ತೀನಿ" ಎಂದ. ಅವನಿಗೆ ಮರಿಗಳ ವಿಷಯ ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊಳೆದಿದ್ದರೆ ಪಾಪಿ. ಹೊಳೆಯದಿದ್ದರೆ ಹೊಳೆದಂಡೆಯಲ್ಲಿ ಅರವತ್ತು ವರ್ಷ ನೀರು ಕುಡಿದದ್ದು ದಂಡ.

ಅಲ್ಲಿಂದ ಕೆಳಗೇರಿಗೆ ಓಡಿದೆ. ಸಾಕವ್ವ ಇರಲಿಲ್ಲ. ಕಳಲೆಯಲ್ಲಿ ಯಾರದೋ ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿದೆಯೆಂದು ಹಿಂದಿನ ದಿನವೇ ಬಂದು ಕರೆದುಕೊಂಡು ಹೋಗಿದ್ದರು. ಯಾವಾಗ ಬರುತ್ತಾಳೆ ಎಂದರೆ ಅವಳ ಸೊಸೆ, "ಪ್ರೆಸಿಡೆಂಟ್ರು ಜೀಪ್ ಕಳಿಸ್ತಾರಂತೆ ಅಕ್ಕ. ಅತ್ತೆಗೆ ಸನ್ಮಾನ ಅಂತೆ. ಸ್ಟೇಜ್ ಮ್ಯಾಲೆ" ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು. ಆ ಮುಖ ನೋಡಿ ನೀರಿನ ವಿಷಯ ಎತ್ತದೆ ಹಿಂದಿರುಗಿದೆ.

ಕಾರ್ಯಕ್ರಮದ ಬೆಳಿಗ್ಗೆ ನೀರು ಬಂತು. ಬಂದದ್ದು ಸದ್ದಿಲ್ಲದೆ, ವಾಸನೆಯಿಂದಲೇ ಮೊದಲು ಗೊತ್ತಾದದ್ದು. ಮೆಟ್ಟಿಲಿನ ಬುಡ ಒದ್ದೆಯಾಯಿತು, ಒಂದು ಮೆಟ್ಟಿಲು ಮುಳುಗಿತು, ಇನ್ನೊಂದು ಮುಳುಗಿತು. ಹುಡುಗರು ಶಿಳ್ಳೆ ಹೊಡೆದರು. ವೇದಿಕೆ ದಂಡೆಯಲ್ಲಿ, ಹೊಳೆಗೆ ಬೆನ್ನು ಮಾಡಿ. ಹಿಂದಕ್ಕೆ ಪರದೆ ಕಟ್ಟಿರಲಿಲ್ಲ, ನೀರು ವಿಡಿಯೋದಲ್ಲಿ ಬೀಳಬೇಕಲ್ಲ. ಹಾಗಾಗಿ ಕೆಳಗೆ ಕೂತ ನಮಗೆಲ್ಲ ದೊಡ್ಡವರ ತಲೆಯ ಮೇಲಿಂದ ತಿಟ್ಟು ಚೆನ್ನಾಗಿ ಕಾಣುತ್ತಿತ್ತು. ಅದರ ಅಂಚು ಸವೆಯುತ್ತಾ ಬರುತ್ತಿತ್ತು. ಹಕ್ಕಿಗಳು ಎದ್ದವು, ಕೂತವು, ಮತ್ತೆ ಎದ್ದವು.

ಜೀಪು ಬಂತು. ಸಾಕವ್ವ ಇಳಿದಳು. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು, ಹೆರಿಗೆ ಮನೆಯ ಸೀರೆ. ಅವಳಿಗೆ ಅತ್ತಿತ್ತ ನೋಡಲು ಬಿಡದೆ ಕೈ ಹಿಡಿದು ಮೇಲೆ ಹತ್ತಿಸಿದರು. ಕುರ್ಚಿಯ ಮೇಲೆ ಕೂರಿಸಿದರು. ನಮ್ಮೂರಿನಲ್ಲಿ ಅವಳು ಎಲ್ಲರ ಮುಂದೆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಜರಿಯಂಚಿನ ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಪುಟ್ಟಸ್ವಾಮಣ್ಣ ಮೈಕಿನಲ್ಲಿ, ಈ ತಾಯಿಯ ಒಂದು ಮಾತಿಗೆ ಕಟ್ಟುಬಿದ್ದು ನಮ್ಮೂರಿನ ಒಬ್ಬನೇ ಒಬ್ಬನೂ ತಿಟ್ಟಿಗೆ ಕಾಲಿಟ್ಟಿಲ್ಲ, ಪರಿಸರ ಪ್ರೇಮ ಎಂದರೆ ಇದು ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಸಾಕವ್ವ ನಾಚಿಕೊಂಡು ನಗುತ್ತಿದ್ದಳು. ಅವಳ ಬೆನ್ನ ಹಿಂದೆ ತಿಟ್ಟು ಮುಳುಗುತ್ತಿತ್ತು. ನೋಡುತ್ತಿದ್ದವರು ನಾವೆಲ್ಲ, ಕಾಣದಿದ್ದವಳು ಅವಳೊಬ್ಬಳು. ನಮ್ಮೂರಿನ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದ ಹೇಸಿಗೆ ಇನ್ನೂ ಹೋಗಿಲ್ಲ.

ಎದ್ದು ನಿಂತು, "ಸಾಕವ್ವ, ಹಿಂದಕ್ ತಿರುಗಿ ನೋಡು" ಎಂದು ಕೂಗಿದೆ. ಅವ್ವ ಸೆರಗು ಹಿಡಿದು ಎಳೆದಳು. ನಾನು ಇನ್ನೊಮ್ಮೆ ಕೂಗಿದೆ.

ಅವಳು ತಿರುಗಿದಳು. ಕುರ್ಚಿಯಿಂದ ಎದ್ದಳು. ಮರಳು ಪೂರಾ ಹೋಗಿತ್ತು. ಬಂಡೆಗಳ ಮೇಲೆ ಬೂದಿ ಬಣ್ಣದ ಮರಿಗಳು ಒತ್ತೊತ್ತಾಗಿ ಸೇರಿಕೊಂಡಿದ್ದವು. ಕೆಲವು ಆಗಲೇ ನೀರಿನಲ್ಲಿ ತಿರುಗುತ್ತಾ ಕೆಳಕ್ಕೆ ಹೋಗುತ್ತಿದ್ದವು. ತಾಯಿ ಹಕ್ಕಿಗಳು ಮೇಲೆ ಚೀರುತ್ತಿದ್ದವು. ಸಾಕವ್ವ ವೇದಿಕೆಯಿಂದಿಳಿದು ಶಾಲಿನ ಸಮೇತ ಮೆಟ್ಟಿಲಿಗೆ ನಡೆದಳು. ದೊಡ್ಡವರನ್ನು ಸುತ್ತಿಸಲೆಂದು ಹೂ ಕಟ್ಟಿ ನಿಲ್ಲಿಸಿದ್ದ ತೆಪ್ಪ ಅಲ್ಲೇ ಇತ್ತು.

"ತೆಪ್ಪ ಬುಡ್ರೋ. ಬಂಡೆ ಮ್ಯಾಲಿರವನ್ನಾರ ಬುಟ್ಟೀಗೆ ತುಂಬ್ಕ ಬತ್ತೀನಿ" ಎಂದಳು.

ಹುಡುಗರು ಹುಟ್ಟಿಗೆ ಕೈ ಹಾಕಿದ್ದರು. ಯಜಮಾನರಲ್ಲಿ ಒಬ್ಬ ತಡೆದ. "ಪುರುಡು ಕಳ್ದಿಲ್ಲ. ಕಾಲಿಕ್ಕಂಗಿಲ್ಲ" ಎಂದ.

"ಸೂಲಗಿತ್ತಿಗೆ ಎಂತ ಪುರುಡ್ರೋ? ಬಾಣಂತಿ ಕ್ವಾಣೆಗೆ ನಾನಲ್ದೆ ಇನ್ಯಾರ್ ಓಗಾರು?"

"ಅಳ್ಳಿಕಟ್ಟೆ ಮುಂದೆ ನಿಂತು ನೀನೇ ಏಳಿದ್ದೆ ಸಾಕಿ, ಯಾರೂ ಕಾಲಿಕ್ಕಬ್ಯಾಡಿ ಅಂತ" ಎಂದ ಪುಟ್ಟಸ್ವಾಮಣ್ಣ. ಮೈಕು ಅವನ ಕೈಯಲ್ಲೇ ಇದ್ದುದರಿಂದ ಆ ಮಾತು ಊರಿಗೆಲ್ಲ ಕೇಳಿಸಿತು. ಶಾಲು ಹೊದಿಸುವಾಗ ತಾಯಿಯಾಗಿದ್ದವಳು ಅಷ್ಟರಲ್ಲಿ ಮತ್ತೆ ಸಾಕಿಯಾಗಿದ್ದಳು. ಹುಡುಗರು ಹುಟ್ಟು ಕೆಳಗಿಟ್ಟರು. ಇಬ್ಬರು ಅವಳ ರಟ್ಟೆ ಹಿಡಿದುಕೊಂಡರು. ಅವರಲ್ಲಿ ಒಬ್ಬ ನಮ್ಮಪ್ಪ. ದೊಡ್ಡವರು ಬಾಗಿನ ಬಿಟ್ಟರು, ಫೋಟೋ ತೆಗೆಸಿಕೊಂಡರು, ಊಟಕ್ಕೆ ನಿಲ್ಲದೆ ಹೊರಟರು. ಬಂಡೆಗಳು ಮುಳುಗುವವರೆಗೆ ನಮ್ಮೂರಿನವರು ದಂಡೆಯಲ್ಲಿ ನಿಂತು ನೋಡಿದರು. ಒಬ್ಬನೂ ಕಾಲಿಡಲಿಲ್ಲ. ಕಟ್ಟುಪಾಡು ಉಳಿಯಿತು.

ಎರಡು ದಿನಕ್ಕೆ ನೀರು ಇಳಿಯಿತು. ತಿಟ್ಟು ತೊಳೆದಿಟ್ಟ ತಟ್ಟೆಯಂತೆ ಬರಿದಾಗಿ ಎದ್ದಿತು. ಹಕ್ಕಿಗಳು ಅದರ ಮೇಲೆ ಸುತ್ತಿ ಸುತ್ತಿ ಕೂಗುತ್ತಿದ್ದವು, ಬಸವ ಜಯಂತಿಯ ಹೊತ್ತಿಗೆ ಅವೂ ಇಲ್ಲ. ಆಗ ಯಜಮಾನರಿಗೆ ಜೊಂಡು ನೆನಪಾಯಿತು. ಎಮ್ಮೆಗೆ ಮೇವಿಲ್ಲ, ಗುಡಿಸಲಿಗೆ ಹೊದಿಕೆ ಬೇಕು. ಪುರುಡು ಕಳೆದುಬಿಡೋಣ ಎಂದು ಸಾಕವ್ವನ ಮನೆ ಮುಂದೆ ಹೋಗಿ ನಿಂತರು. ನಾನೂ ಹೋಗಿದ್ದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ.

"ಕೂಸಿದ್ರೆ ತೊಟ್ಲು, ಪುರುಡು ಎಲ್ಲ" ಎಂದಳು. "ಇದ್ಕೇನಯ್ತೆ? ನಾನ್ ಆಯ್ತು ಅನ್ನಾಕಿಲ್ಲ. ನನ್ ಬಾಯಲ್ಲಿ ಆ ಮಾತ್ ಬರಗಂಟ ತಿಟ್ಟು ಬಾಣಂತಿನೇ. ಕಾಲಿಕ್ಕಬ್ಯಾಡಿ."

ಬಯ್ದು ನೋಡಿದರು, ಹೊಸ ಸೀರೆ ತಂದು ನೋಡಿದರು. ಆ ಸೀರೆಯನ್ನೂ ಸನ್ಮಾನದ ಶಾಲನ್ನೂ ಸೇರಿಸಿ ಅವಳು ಪುಟ್ಟಸ್ವಾಮಣ್ಣನ ಜಗಲಿಯ ಮೇಲೆ ಇಟ್ಟು ಬಂದಳು. ಕೆಳಗಲ್ಲ, ಮೇಲೆ. ಬೇರೆ ಊರಿನ ಸೂಲಗಿತ್ತಿಯರು ಒಲ್ಲೆ ಎಂದರು. ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದರೆ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಂತೆ. ಕಟ್ಟನ್ನು ಮೀರಿ ಹೋಗೋಣವೆಂದರೆ ಮೈಕಿನಲ್ಲಿ ಊರಿಗೆಲ್ಲ ಹೇಳಿದ್ದಾಗಿದೆ. ಜೊಂಡು ನಿಂತಲ್ಲೇ ಒಣಗಿತು. ಆಷಾಢದಲ್ಲಿ ಹೊಳೆ ಬಂದು ಗುಡಿಸಿಕೊಂಡು ಹೋಯಿತು. ಮರುವರ್ಷ ಹಕ್ಕಿ ಬಂದವು, ಅರ್ಧಕ್ಕರ್ಧ ಕಡಿಮೆ. ಆಮೇಲಿನ ವರ್ಷಗಳಲ್ಲಿ ಒಂದಿಷ್ಟು ಹೆಚ್ಚಾದವು, ಮರಿ ಮಾಡಿ ಹಾರಿಹೋದವು. ಸಾಕವ್ವ ಪ್ರತಿ ವರ್ಷ ದಂಡೆಯಲ್ಲಿ ಕೂತು ನೋಡುತ್ತಿದ್ದಳೇ ಹೊರತು ಬಾಯಿ ಬಿಡಲಿಲ್ಲ. ಹಾಗೆಯೇ ತೀರಿಕೊಂಡಳು. ನಮ್ಮಪ್ಪ ಅವಳ ಮಣ್ಣಿಗೆ ಹೋಗಿ ಬಂದು ಒಂದು ದಿನ ಊಟ ಮಾಡಲಿಲ್ಲ. ಒಂದು ದಿನ ತಾನೆ. ನಾನೇನೂ ಸಮಾಧಾನ ಹೇಳಲಿಲ್ಲ.

ಸ್ನಾನಘಟ್ಟದಿಂದ ನಾನು ಮನೆಗೆ ಬಂದರೆ, ಬಾಗಿಲಲ್ಲಿ ಪುಟ್ಟಸ್ವಾಮಣ್ಣನ ಮಗ ನಿಂತಿದ್ದ. ಈಗ ಪಂಚಾಯಿತಿ ಮೆಂಬರು, ಕೈಯಲ್ಲಿ ಮೊಬೈಲು. ರಸಬಾಳೆ ಅಕ್ಕ, ನಮ್ಮ ತೋಟದ್ದು ಎಂದು ಒಂದು ಚಿಪ್ಪು ಕೊಟ್ಟ. ನಂಜನಗೂಡಿನಲ್ಲಿ ಕೂತವಳಿಗೆ ಪಚ್ಚಬಾಳೆ ಕೊಟ್ಟು ರಸಬಾಳೆ ಎಂದವನ ಮೇಲೆ ನನಗೆ ನಗುವೂ ಬಂತು. ವಿಷಯ ಇಷ್ಟು: ತಿಟ್ಟಿಗೆ ಕಾಲುಸೇತುವೆ ಮಂಜೂರಾಗಿದೆ. ಬೆಂಚು, ಮಕ್ಕಳ ಜಾರುಬಂಡೆ, ಹಕ್ಕಿ ನೋಡಲು ಅಟ್ಟಣಿಗೆ. ಆದರೆ ಕೂಲಿಗೆ ಊರಿನವರು ಯಾರೂ ಬರುತ್ತಿಲ್ಲ, ಹೊರಗಿನವರನ್ನು ಬಿಡುತ್ತಲೂ ಇಲ್ಲ. ಸಾಕವ್ವನ ಪಕ್ಕ ತಟ್ಟೆ ಹಿಡಿದವಳು ನಾನು. ನಾನು ಬಂದು ಆಯ್ತು ಅಂದರೆ ನಡೆಯುತ್ತದೆಂದು ಯಜಮಾನರು ತೀರ್ಮಾನ ಮಾಡಿದ್ದಾರೆ.

"ನೀರು ಬಿಟ್ಟಿದಾರಲ್ಲ ಈಗ, ಯಾಕೆ?" ಎಂದೆ.

"ಸೇತುವೆ ಪೂಜೆ ಇತ್ತಲ್ಲ ಅಕ್ಕ, ನಮ್ಮೂರಲ್ಲೇ."

"ತಿಟ್ಟು?"

"ಅರ್ಧ ಮುಳುಗ್ತು. ನಾಳೆ ಇಳೀತದೆ ಬುಡಿ" ಎಂದ, ಬಸ್ಸು ಲೇಟಾಯಿತು ಅನ್ನುವವನ ಹಾಗೆ. ಬಾಳೆಹಣ್ಣನ್ನು ಅವನ ಕೈಗೇ ವಾಪಸು ಇಟ್ಟೆ.

"ಒಸಿ ಯೋಚ್ನೆ ಮಾಡಿ ಅಕ್ಕ. ನೀವ್ ಬಂದು ಒಂದ್ ಮಾತು ಅನ್ನಗಂಟ ನಾವ್ಯಾರೂ ಕಾಲಿಕ್ಕಂಗಿಲ್ಲ" ಎಂದ.

"ಇಕ್ಕಬೇಡಿ" ಎಂದೆ. "ಅವತ್ತೂ ಇಕ್ಕಲಿಲ್ಲವಲ್ಲ."